ಎಲ್ಕ್ ಬೇಟೆಗೆ ಬೂಟು: ಕೊಲರಾಡೊ, ಅಕ್ಟೋಬರ್. ಯಾವುದು ತಗೊಳ್ಳಲಿ?

ಡೆನ್ವರ್_ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಅಕ್ಟೋಬರ್‌ನಲ್ಲಿ ಆಫೀಸಿನ ಇಬ್ಬರು ಗೆಳೆಯರ ಜೊತೆ ಎಲ್ಕ್ ಬೇಟೆಗೆ ಹೊರಟಿದ್ದೇನೆ. ಮೊದಲ ರೈಫಲ್ ಸೀಸನ್. ಗೊತ್ತಿಲ್ಲದವರಿಗೆ: ಎಲ್ಕ್ ಅಂದರೆ ನಮ್ಮ ಕಡವೆಯ ಬಳಗದ ದೊಡ್ಡ ಜಿಂಕೆ, ಗಂಡು ಸುಮಾರು 300 ಕಿಲೋ ತೂಗುತ್ತದೆ. ಹಂಟರ್ ಎಜುಕೇಶನ್ ಕೋರ್ಸ್ ಮುಗಿದಿದೆ. 1949ರ ಜನವರಿ 1 ಅಥವಾ ಆಮೇಲೆ ಹುಟ್ಟಿದವರೆಲ್ಲ ಇಲ್ಲಿ ಅದನ್ನು ಮಾಡಲೇಬೇಕು. ಲೈಸೆನ್ಸ್ ಇದೆ, ಕಿತ್ತಳೆ ಬಣ್ಣದ ಜಾಕೆಟ್ಟು ಟೋಪಿ ಬಂದಿವೆ. ಬಾಕಿ ಇರುವುದು ಬೂಟು.

ಅಂಗಡಿಗೆ ಹೋದರೆ ತಲೆ ಕೆಡುತ್ತದೆ. ಒಂದರ ಮೇಲೆ 200 ಗ್ರಾಂ, ಇನ್ನೊಂದರ ಮೇಲೆ 400, ಮತ್ತೊಂದರ ಮೇಲೆ 800. ಏನೂ ಬರೆಯದೇ ಇರುವುದೂ ಇದೆ. ಅಂಗಡಿಯವನು 800 ಗ್ರಾಂನದೇ ತಗೋ, ಬೆಟ್ಟದಲ್ಲಿ ಹಿಮ ಬೀಳುತ್ತದೆ ಅನ್ನುತ್ತಾನೆ. ಗೆಳೆಯರಲ್ಲಿ ಒಬ್ಬ ಓಡುವ ಶೂ ಸಾಕು ಅನ್ನುತ್ತಾನೆ! ನಾವು ಹೋಗುವ ಜಾಗ 9ರಿಂದ 10 ಸಾವಿರ ಅಡಿ ಎತ್ತರ. ಬಜೆಟ್ 350 ಡಾಲರ್. ಊರಲ್ಲಿ 8ನೇ ನಂಬರ್ ಹಾಕುತ್ತಿದ್ದೆ. ಪಾದದ ಮುಂಭಾಗ ಅಗಲ, ಕಿರುಬೆರಳು ಯಾವಾಗಲೂ ಒತ್ತುತ್ತದೆ. ಅನುಭವ ಇರುವವರು ಹೇಳಿ.

ಬೋಜ್‌ಮನ್_ಅಕ್ಕ

ಮೊಂಟಾನಾದಿಂದ ಬರೆಯುತ್ತಿದ್ದೇನೆ. ಮದುವೆಯಾಗಿ ಬಂದ ಮನೆಯಲ್ಲಿ ಫ್ರೀಜರ್ ತುಂಬ ಎಲ್ಕ್ ಮಾಂಸವೇ, ಹಾಗಾಗಿ ನಾನೂ ಬೆಟ್ಟ ಹತ್ತುವುದು ಕಲಿತೆ.

ಬ್ರಾಂಡು, ಗ್ರಾಂ ಎಲ್ಲ ಆಮೇಲೆ. ಮೊದಲು ಇದಕ್ಕೆ ಉತ್ತರ ಕಂಡುಕೊಳ್ಳಿ: ನೀವು ಇಡೀ ದಿನ ನಡೆಯುತ್ತೀರಾ, ಒಂದೇ ಕಡೆ ಕೂರುತ್ತೀರಾ? ಕೊಲರಾಡೊ ಬೆಟ್ಟದಲ್ಲಿ ಎಲ್ಕ್ ಹುಡುಕುವುದು ಅಂದರೆ ನಡಿಗೆ. ಕತ್ತಲಲ್ಲೇ ಹೊರಟು ಒಂದೂವರೆ ಸಾವಿರ ಅಡಿ ಏರಬೇಕು. ಆ ಏರಿಕೆಯಲ್ಲಿ 800 ಗ್ರಾಂ ಬೂಟು ಹಾಕಿದರೆ ಕಾಲು ಬೆವರಿ ಸಾಕ್ಸ್ ಹಿಂಡುವ ಹಾಗಾಗುತ್ತದೆ. ಮೇಲೆ ಹೋಗಿ ದುರ್ಬೀನು ಹಿಡಿದು ಕೂತಾಗ ಆ ಬೆವರೇ ತಣ್ಣಗಾಗಿ ಬೆರಳು ಮರಗಟ್ಟುತ್ತದೆ. ಬೆಚ್ಚಗಿನ ಬೂಟು ಹಾಕಿದ್ದಕ್ಕೇ ಕಾಲು ಚಳಿ ಹಿಡಿಯುತ್ತದೆ. ನಂಬುವುದು ಕಷ್ಟ, ಆದರೆ ಇಲ್ಲಿ ಎಲ್ಲರೂ ಇದನ್ನೇ ಹೇಳುತ್ತಾರೆ.

ಅಂದ ಹಾಗೆ ಆ ಗ್ರಾಂ ಬೂಟಿನ ತೂಕ ಅಲ್ಲ. ಒಳಗಿನ ಬೆಚ್ಚನೆ ಪದರ ಒಂದು ಚದರ ಮೀಟರ್‌ಗೆ ಎಷ್ಟು ತೂಗುತ್ತದೆ ಅನ್ನುವ ಲೆಕ್ಕ. ಅಕ್ಟೋಬರ್ ಎಲ್ಕ್‌ಗೆ ಪದರವೇ ಇಲ್ಲದ್ದು, ಜಾಸ್ತಿ ಅಂದರೆ 200. ನನ್ನ ಓಟು ಪದರ ಇಲ್ಲದ್ದಕ್ಕೆ. ಕೂರುವಾಗ ಚಳಿಯಾದರೆ ಬ್ಯಾಗಿನಿಂದ ಒಣ ಉಣ್ಣೆ ಸಾಕ್ಸ್ ತೆಗೆದು ಬದಲಾಯಿಸಿ.

ಓಡುವ ಶೂ ಅಂದ ಗೆಳೆಯನಿಗೆ ಒಂದು ಪ್ರಶ್ನೆ ಕೇಳಿ: ಪ್ರಾಣಿ ಬಿದ್ದ ಮೇಲೆ ಹೊರುವವರು ಯಾರು? ಒಂದು ಹಿಂಗಾಲಿನ ಭಾಗವೇ ಮೂಳೆ ಸಮೇತ 50-60 ಪೌಂಡ್ ಬರುತ್ತದೆ. ಅದನ್ನು ಬೆನ್ನಿಗೆ ಕಟ್ಟಿಕೊಂಡು, ಬಿದ್ದ ಮರಗಳನ್ನು ದಾಟಿ, ಕತ್ತಲಲ್ಲಿ ಇಳಿಯಬೇಕು. ಅದೂ ಒಂದೇ ಸಲ ಅಲ್ಲ, ಮತ್ತೆ ಮತ್ತೆ. ಮೆತ್ತನೆ ಅಟ್ಟೆಯ ಶೂನಲ್ಲಿ ಪ್ರತಿ ಕಲ್ಲೂ ಪಾದಕ್ಕೆ ಚುಚ್ಚುತ್ತದೆ. ಓರೆ ಇಳಿಜಾರಿನಲ್ಲಿ ಕಾಲು ಶೂ ಒಳಗೇ ಪಕ್ಕಕ್ಕೆ ಜಾರುತ್ತದೆ.

ಮಿನಿಸೋಟ_ಮಲ್ಲೇಶಿ

ಅಕ್ಕ ಹೇಳಿದ್ದು ಬೆಟ್ಟಕ್ಕೆ ಸರಿ. ಆದರೆ ಇದನ್ನು ಓದಿ ನಮ್ಮ ಕಡೆಯವರು ಯಾರಾದರೂ ಪದರ ಇಲ್ಲದ ಬೂಟು ಹಾಕಿಕೊಂಡು ಬಂದರೆ ಗತಿ ಕೆಟ್ಟಿತು! ನಮ್ಮಲ್ಲಿ ನವೆಂಬರ್ ಮೊದಲ ವಾರದ ಸುಮಾರಿಗೆ ಜಿಂಕೆ ಸೀಸನ್ ಶುರು. ಮರದ ಮೇಲಿನ ಅಟ್ಟಣಿಗೆಯಲ್ಲಿ ಬೆಳಗಿನಿಂದ ಸಂಜೆವರೆಗೂ ಕೂರುತ್ತೇವೆ. ಕಾಲು ಅಲ್ಲಾಡುವುದೇ ಇಲ್ಲ. ಅಲ್ಲಿ 1000 ಗ್ರಾಂ ಕೂಡ ಕೆಲವು ದಿನ ಸಾಲದು. ನಾನು ಹಾಕುವುದು ಪ್ಯಾಕ್ ಬೂಟು. ಕೆಳಗೆ ರಬ್ಬರ್, ಮೇಲೆ ಚರ್ಮ, ಒಳಗೆ ಕಳಚಿ ಒಣಗಿಸಬಹುದಾದ ದಪ್ಪ ಫೆಲ್ಟ್ ಚೀಲ.

ಈ ಬಗೆಯ ಬೂಟಿನ ಕಥೆ ಚೆನ್ನಾಗಿದೆ. ಮೇನ್ ರಾಜ್ಯದಲ್ಲಿ ಲಿಯಾನ್ ಲಿಯಾನ್‌ವುಡ್ ಬೀನ್ ಅಂತ ಒಬ್ಬ ಬೇಟೆಗಾರ ಇದ್ದ. ಪ್ರತಿ ಸಲ ಕಾಲು ಒದ್ದೆ ಮಾಡಿಕೊಂಡು ಬಂದು ಸಾಕಾಗಿ, ರಬ್ಬರ್ ಅಡಿಗೆ ಚರ್ಮದ ಮೇಲ್ಭಾಗ ಹೊಲಿಸಿದ. 1912ರಲ್ಲಿ ಮಾರಾಟಕ್ಕೂ ಇಟ್ಟ. ಮೊದಲ 100 ಜೋಡಿಯಲ್ಲಿ 90 ಜೋಡಿ ಹೊಲಿಗೆ ಬಿಚ್ಚಿ ವಾಪಸ್ ಬಂದವು. ಎಲ್ಲರಿಗೂ ದುಡ್ಡು ಹಿಂದಿರುಗಿಸಿ, ಸಾಲ ಮಾಡಿ, ಸರಿಪಡಿಸಿ ಮತ್ತೆ ಮಾಡಿದ. ಆ ಕಂಪನಿ ಇವತ್ತಿಗೂ ಇದೆ. ಚರ್ಮ ಮತ್ತು ರಬ್ಬರ್ ಸೇರುವ ಜಾಗವನ್ನು ಈಗಲೂ ಬೆರಳಿಂದ ಒತ್ತಿ ನೋಡಿಯೇ ನಾನು ಪ್ಯಾಕ್ ಬೂಟು ಕೊಳ್ಳುವುದು.

ಇನ್ನೊಂದು ವಿಷಯ. ಚಳಿ ಅಂತ ಎರಡು ದಪ್ಪ ಸಾಕ್ಸ್ ಹಾಕಿ ಲೇಸ್ ಬಿಗಿದು ಕಟ್ಟಬೇಡಿ. ರಕ್ತ ಓಡಾಡದಿದ್ದರೆ ಯಾವ ಪದರವೂ ಕಾಲನ್ನು ಬೆಚ್ಚಗಿಡುವುದಿಲ್ಲ. ಬೆರಳು ಆಡಿಸಲು ಜಾಗ ಇರಲೇಬೇಕು.

ತುಮಕೂರು_ತೆಂಗು

ಕ್ಷಮಿಸಿ, ನಡುವೆ ಬಾಯಿ ಹಾಕುತ್ತಿದ್ದೇನೆ. ಬೇಟೆ ಅಂದರೆ ಅಪರಾಧ ಅಲ್ವಾ? ಇದನ್ನೆಲ್ಲ ಇಷ್ಟು ರಾಜಾರೋಷವಾಗಿ ಚರ್ಚೆ ಮಾಡಬಹುದಾ?

ಪೊನ್ನಂಪೇಟೆ_ಕಾಫಿ

ತುಮಕೂರಿನವರೇ, ನಮ್ಮ ದೇಶದಲ್ಲಿ ಹೌದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ನಿಷಿದ್ಧ. ಕೊಡಗಿನವರ ಮನೆಯಲ್ಲಿ ಕೋವಿ ಇರುತ್ತದೆ, ಕೈಲ್‌ಪೊಳ್ದ್ ಹಬ್ಬಕ್ಕೆ ಹೂವಿಟ್ಟು ಪೂಜೆ ಮಾಡುತ್ತೇವೆ, ತೆಂಗಿನಕಾಯಿಗೆ ಗುರಿ ಇಟ್ಟು ಹೊಡೆಯುವ ಸ್ಪರ್ಧೆ ನಡೆಸುತ್ತೇವೆ. ಪ್ರಾಣಿಗೆ ಗುರಿ ಇಡುವ ಹಾಗಿಲ್ಲ. ಅಮೆರಿಕದ ಲೆಕ್ಕ ಬೇರೆ. ಅಲ್ಲಿ ಯಾವ ಪ್ರಾಣಿ, ಯಾವ ವಾರ, ಎಷ್ಟು ಅಂತ ರಾಜ್ಯವೇ ನಿಗದಿ ಮಾಡಿ ಲೈಸೆನ್ಸ್ ಕೊಡುತ್ತದೆ. ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು, ಆದರೆ ಕೇಳಿದವರು ಕಾನೂನು ಮೀರುತ್ತಿಲ್ಲ.

ಬೂಟಿನ ಬಗ್ಗೆ ನನ್ನದೂ ಎರಡು ಮಾತು. ನಾನು ತೋಟದಲ್ಲಿ ಮಳೆಗಾಲ ಪೂರ್ತಿ ಗಂಬೂಟಲ್ಲೇ ಇರುತ್ತೇನೆ. ಇಂಬಳಕ್ಕೆ, ಕೆಸರಿಗೆ ಅದಕ್ಕಿಂತ ಒಳ್ಳೆಯದಿಲ್ಲ. ತರಗೆಲೆಯಲ್ಲಿ ಮಲಗಿರುವ ಮಂಡಲದ ಹಾವು ಪಾದಕ್ಕೆ, ಮೀನಖಂಡಕ್ಕೇ ಕಚ್ಚುವುದು ಜಾಸ್ತಿ. ಅದಕ್ಕೂ ಮೊಣಕಾಲಿನವರೆಗಿನ ರಬ್ಬರ್ ಒಂದು ರಕ್ಷಣೆ. ಎರಡು ಸಾವಿರ ರೂಪಾಯಿಯೂ ಆಗದ ಗಂಬೂಟು ನಮ್ಮ ಬೆಟ್ಟಕ್ಕೆ ಸಾಕಾಗುವಾಗ ಅಲ್ಲಿ 350 ಡಾಲರ್ ಯಾಕೆ ಅಂತ ಕುತೂಹಲ, ಅಷ್ಟೇ.

ಬೋಜ್‌ಮನ್_ಅಕ್ಕ

ಪೊನ್ನಂಪೇಟೆಯವರೇ, ಗಂಬೂಟಿನಲ್ಲಿ ಹಿಮ್ಮಡಿ ಹಿಡಿತಕ್ಕೆ ಸಿಗುವುದಿಲ್ಲ. ಲೇಸ್ ಇಲ್ಲ ನೋಡಿ. ಸಮ ನೆಲದಲ್ಲಿ ತೊಂದರೆ ಇಲ್ಲ. ಕಡಿದಾದ ಇಳಿಜಾರಿನಲ್ಲಿ ಪಾದ ಮುಂದಕ್ಕೆ ಜಾರಿ ಹೆಬ್ಬೆರಳು ಬೂಟಿನ ಮೂತಿಗೆ ಬಡಿಯುತ್ತಲೇ ಇರುತ್ತದೆ. ಸಂಜೆ ಹೊತ್ತಿಗೆ ಉಗುರು ಕಪ್ಪಾಗಿರುತ್ತದೆ. ಬೆವರು ಹೊರಗೆ ಹೋಗುವುದೂ ಇಲ್ಲ.

ಮಿನಿಸೋಟ_ಮಲ್ಲೇಶಿ

ನಮ್ಮ ಕಡೆ ಜಿಂಕೆಗೆ ರಬ್ಬರ್ ಬೂಟೇ ಹಾಕುವವರು ಬಹಳ ಜನ. ರಬ್ಬರ್‌ನಲ್ಲಿ ಮನುಷ್ಯರ ವಾಸನೆ ನೆಲಕ್ಕೆ ಕಡಿಮೆ ಅಂಟುತ್ತದೆ ಅನ್ನುವ ನಂಬಿಕೆ. ನನಗೆ ಅದರಲ್ಲಿ ಅರ್ಧ ನಂಬಿಕೆ. ಗಾಳಿ ನಿಮ್ಮ ಕಡೆಯಿಂದ ಜಿಂಕೆಯ ಕಡೆಗೆ ಬೀಸುತ್ತಿದ್ದರೆ ಯಾವ ಬೂಟು ಹಾಕಿದರೂ ಒಂದೇ. ಆದರೆ ಜೌಗು ದಾಟಿ ಅಟ್ಟಣಿಗೆಗೆ ಹೋಗಬೇಕಲ್ಲ, ಅದಕ್ಕಾದರೂ ರಬ್ಬರ್ ಬೇಕು.

ಅಟ್ಟೆ_ಅಂಗಡಿ

ಪೋರ್ಟ್‌ಲ್ಯಾಂಡಿನಲ್ಲಿ ಬೂಟು ತಯಾರಿಸುವ ಕಡೆ ಕೆಲಸ ಮಾಡುತ್ತೇನೆ. ಕಂಪನಿ ಹೆಸರು ಬೇಡ, ಯಾವುದನ್ನೂ ಮಾರಲು ಬಂದಿಲ್ಲ.

ಡೆನ್ವರಿನವರೇ, ನಿಮ್ಮ ಕೊನೆಯ ಸಾಲೇ ಮುಖ್ಯ. ಕಿರುಬೆರಳು ಒತ್ತುತ್ತದೆ ಅಂದಿರಲ್ಲ, ಅಲ್ಲಿಂದ ಶುರು ಮಾಡಿ. ಊರಿನ 8 ಅಂದರೆ ಬ್ರಿಟಿಷ್ ಅಳತೆ. ಇಲ್ಲಿನ ಗಂಡಸರ ಅಳತೆಯಲ್ಲಿ ಅದು ಸುಮಾರು 9. ಆದರೆ ಆ ನಂಬರನ್ನೂ ನಂಬಬೇಡಿ. ಬ್ರ್ಯಾನಕ್ ಅಳತೆಪಟ್ಟಿ ಇರುವ ಅಂಗಡಿಗೆ ಹೋಗಿ. ಲೋಹದ ತಟ್ಟೆ, ಮೇಲೆ ಜಾರುವ ಗುಂಡಿಗಳು ಇರುತ್ತವಲ್ಲ, ಅದೇ. ಚಾರ್ಲ್ಸ್ ಬ್ರ್ಯಾನಕ್ ಅನ್ನುವವರು ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್‌ನಲ್ಲಿ 1920ರ ದಶಕದಲ್ಲಿ ಮಾಡಿದ್ದು. ಅದರಲ್ಲಿ ಮೂರು ಅಳತೆ ಸಿಗುತ್ತದೆ. ಹಿಮ್ಮಡಿಯಿಂದ ಬೆರಳ ತುದಿ, ಹಿಮ್ಮಡಿಯಿಂದ ಹೆಬ್ಬೆರಳಿನ ಬುಡದ ಗಂಟು, ಮತ್ತು ಅಗಲ. ಎಲ್ಲರೂ ಮೊದಲನೆಯದನ್ನು ಮಾತ್ರ ನೋಡುತ್ತಾರೆ. ಎರಡನೆಯದು ದೊಡ್ಡದು ಬಂದರೆ ಆ ನಂಬರೇ ತೆಗೆದುಕೊಳ್ಳಬೇಕು. ಯಾಕೆಂದರೆ ಬೂಟು ಮಡಚುವ ಜಾಗ ಮತ್ತು ನಿಮ್ಮ ಪಾದ ಮಡಚುವ ಜಾಗ ಒಂದೇ ಆಗಿರಬೇಕು. ಗಟ್ಟಿ ಅಟ್ಟೆಯ ಬೂಟಿನಲ್ಲಿ ಇದು ತಪ್ಪಿದರೆ ಎಷ್ಟು ಪಳಗಿಸಿದರೂ ಪ್ರಯೋಜನ ಇಲ್ಲ.

ಅಗಲದ ವಿಷಯಕ್ಕೆ ಬಂದರೆ, ಗಂಡಸರಿಗೆ ಡಿ ಅಂದರೆ ಮಾಮೂಲಿ, ಡಬಲ್ ಇ ಅಂದರೆ ಅಗಲ. ಹೆಂಗಸರಿಗೆ ಬಿ ಮಾಮೂಲಿ, ಡಿ ಅಗಲ. ಚಿಕ್ಕಂದಿನಿಂದ ಬರಿಗಾಲಲ್ಲಿ, ಚಪ್ಪಲಿಯಲ್ಲಿ ಓಡಾಡಿದವರ ಮುಂಪಾದ ಹರಡಿಕೊಂಡಿರುವುದು ಸಹಜ. ಭಾರತದ ಬರಿಗಾಲಿನವರ ಪಾದ ಅಳೆದು 2009ರಲ್ಲಿ ಪ್ರಕಟವಾದ ಅಧ್ಯಯನವೂ ಇದನ್ನೇ ತೋರಿಸಿತು. ನಮ್ಮವರು ಮಾಡುವುದೇನು? ಅಗಲ ಸಾಲದು ಅಂತ ಒಂದು ನಂಬರ್ ಉದ್ದದ ಬೂಟು ಕೊಳ್ಳುತ್ತಾರೆ. ಆಗ ಹಿಮ್ಮಡಿ ಸಡಿಲವಾಗಿ ಉಜ್ಜಿ ಬೊಬ್ಬೆ ಬರುತ್ತದೆ. ಅಗಲ ಬೇಕಾದರೆ ಅಗಲವನ್ನೇ ಕೇಳಿ. ಯುರೋಪಿನ ಬೆಟ್ಟದ ಬೂಟುಗಳಲ್ಲಿ ಹಲವು ಮೂತಿಯ ಕಡೆ ಕಿರಿದು, ಮೊದಲೇ ಹೇಳಿಬಿಡುತ್ತೇನೆ.

ಅಂಗಡಿಗೆ ಸಂಜೆ ಹೋಗಿ, ಅಷ್ಟೊತ್ತಿಗೆ ಪಾದ ಸ್ವಲ್ಪ ಊದಿರುತ್ತದೆ. ಬೇಟೆಗೆ ಹಾಕುವ ಸಾಕ್ಸನ್ನೇ ತೆಗೆದುಕೊಂಡು ಹೋಗಿ. ಲೇಸ್ ಕಟ್ಟುವ ಮೊದಲು ಪಾದ ಮುಂದಕ್ಕೆ ತಳ್ಳಿದರೆ ಹಿಂದೆ ಒಂದು ಬೆರಳು ಇಳಿಯಬೇಕು. ಕಟ್ಟಿದ ಮೇಲೆ ಇಳಿಜಾರು ಹಲಗೆಯ ಮೇಲೆ ನಿಂತು, ಕೆಳಮುಖವಾಗಿ ಕಾಲು ಕುಟ್ಟಿ ನೋಡಿ. ಹೆಬ್ಬೆರಳು ಮೂತಿಗೆ ತಾಗಿದರೆ ಆ ಜೋಡಿ ಬೇಡ. ಹಲಗೆ ಇಲ್ಲದ ಅಂಗಡಿಯಲ್ಲಿ ಮೆಟ್ಟಿಲು ಇಳಿದು ನೋಡಿ.

ಡೆನ್ವರ್_ದಾವಣಗೆರೆ

ಅಬ್ಬಾ, ಇಷ್ಟು ಯಾರೂ ಹೇಳಿರಲಿಲ್ಲ. ಅಕ್ಕಾ, ಅಟ್ಟೆಯವರೇ, ಇನ್ನೆರಡು ಪ್ರಶ್ನೆ. ನೀರು ಒಳಗೆ ಬಾರದ ಪದರ, ಗೋರ್‌ಟೆಕ್ಸ್ ಥರದ್ದು, ಬೇಕೇ ಬೇಕಾ? ಬೂಟಿನ ಎತ್ತರ ಎಷ್ಟಿರಬೇಕು? 6 ಇಂಚಿನಿಂದ 10 ಇಂಚಿನವರೆಗೂ ಇದೆ.

ಅಟ್ಟೆ_ಅಂಗಡಿ

ಪದರದ ಬಗ್ಗೆ ನನ್ನದು ಸ್ವಲ್ಪ ಭಿನ್ನ ಅಭಿಪ್ರಾಯ. 1969ರಲ್ಲಿ ಬಾಬ್ ಗೋರ್ ಕಂಡುಹಿಡಿದ ಆ ತೆಳು ಪೊರೆ ನಿಜಕ್ಕೂ ಕೆಲಸ ಮಾಡುತ್ತದೆ, ನೀರಿನ ಹನಿ ಒಳಗೆ ಬಿಡದೆ ಆವಿಯನ್ನು ಹೊರಗೆ ಬಿಡುತ್ತದೆ. ಆದರೆ ಹೊರಗಿನ ಚರ್ಮ ನೀರು ಕುಡಿದು ನೆನೆದರೆ ಆವಿ ಹೊರಗೆ ಹೋಗುವ ದಾರಿ ಹೆಚ್ಚುಕಡಿಮೆ ಮುಚ್ಚಿಹೋಗುತ್ತದೆ. ಮೇಲಿಂದ ನೀರು ಒಳಗೆ ಸುರಿಯಿತು ಅನ್ನಿ, ಹೊಳೆ ದಾಟುವಾಗ ಆಗುತ್ತದಲ್ಲ, ಒಣಗಲು ತುಂಬಾ ಹೊತ್ತು ಬೇಕು. ಅದಕ್ಕೇ ಅರಿಜೋನಾದಂಥ ಒಣ ನಾಡಿನಲ್ಲಿ ಪೊರೆ ಇಲ್ಲದ್ದನ್ನೇ ಇಷ್ಟಪಡುವವರಿದ್ದಾರೆ. ನಿಮಗೆ ಅಕ್ಟೋಬರ್‌ನ ಹಸಿ ಹಿಮ, ಬೆಳಗಿನ ಒದ್ದೆ ಹುಲ್ಲು ಎರಡೂ ಇರುತ್ತವೆ. ಪೊರೆ ಇರಲಿ. ಚರ್ಮಕ್ಕೆ ಮೇಣ ಹಚ್ಚುವುದನ್ನು ಮಾತ್ರ ಬಿಡಬೇಡಿ. ಪೊರೆ ಇದೆ ಅಂತ ಮೇಣ ಹಚ್ಚದವರೇ ಆಮೇಲೆ ಬೂಟು ಸೋರುತ್ತಿದೆ ಅಂತ ದೂರು ಕೊಡುವುದು.

ಒದ್ದೆಯಾದರೆ ಬೆಂಕಿ ಪಕ್ಕ ಇಡಬೇಡಿ. ಚರ್ಮ ಬಿರಿಯುತ್ತದೆ, ಅಟ್ಟೆಯ ಅಂಟು ಬಿಡುತ್ತದೆ. ಇನ್‌ಸೋಲ್ ಹೊರಗೆ ತೆಗೆದು, ಒಳಗೆ ಹಳೇ ಪೇಪರ್ ತುರುಕಿ, ಗಂಟೆಗೊಮ್ಮೆ ಪೇಪರ್ ಬದಲಾಯಿಸಿ.

ಬೋಜ್‌ಮನ್_ಅಕ್ಕ

ಎತ್ತರ 8 ಇಂಚಿಗೆ ಕಡಿಮೆ ಬೇಡ. 10 ಇಂಚಿನದು ಹೊರೆ ಹೊತ್ತಾಗ ಕಾಲಿನ ಗಂಟಿಗೆ ಭದ್ರ, ಆದರೆ ಭಾರ, ಪಳಗಲು ಹೆಚ್ಚು ದಿನ ಬೇಕು. ಹಿಮಕ್ಕೆ ಬೂಟಿನ ಎತ್ತರಕ್ಕಿಂತ ಗೇಟರ್ ಒಳ್ಳೆಯದು. ಬೂಟಿನ ಮೇಲಿಂದ ಮೊಣಕಾಲಿನ ಕೆಳಗಿನವರೆಗೆ ಸುತ್ತುವ ಬಟ್ಟೆ ಅದು, ಹಿಮ ಬೂಟಿನೊಳಗೆ ಬೀಳುವುದಿಲ್ಲ.

ಗಟ್ಟಿತನವನ್ನು ಕೈಯಲ್ಲೇ ನೋಡಬಹುದು. ಮೂತಿ, ಹಿಮ್ಮಡಿ ಎರಡನ್ನೂ ಹಿಡಿದು ಮಡಚಿ. ಸುಲಭವಾಗಿ ಅರ್ಧಕ್ಕೆ ಮಡಚಿದರೆ ಬೆಟ್ಟಕ್ಕೆ ಆಗದು. ಆಮೇಲೆ ಬಟ್ಟೆ ಹಿಂಡುವ ಹಾಗೆ ತಿರುಚಿ ನೋಡಿ. ಸ್ವಲ್ಪವೂ ತಿರುಗದಿದ್ದರೆ ಅದು ಬೆಟ್ಟದ ಕಾಡುಮೇಕೆ ಬೇಟೆಯವರಿಗೆ, ಬಂಡೆಯ ಮೇಲೆ ಓಡಾಡುವವರಿಗೆ. ನಿಮಗೆ ನಡುವಿನದು ಸಾಕು. ತೀರಾ ಗಟ್ಟಿ ಬೂಟಿಗೆ ಸದ್ದು ಜಾಸ್ತಿ. ಒಣ ಎಲೆಯ ಮೇಲೆ ಟಪ್ ಟಪ್ ಅನ್ನುತ್ತದೆ. ಸೆಪ್ಟೆಂಬರ್‌ನಲ್ಲಿ ಬಿಲ್ಲು ಹಿಡಿದು ಹೋಗುವವರು ಎಲ್ಕ್ ಹತ್ತಿರ ಬಂದಾಗ ಬೂಟು ಬಿಚ್ಚಿಟ್ಟು ಬರೀ ಸಾಕ್ಸ್‌ನಲ್ಲಿ ನಡೆಯುವುದೂ ಉಂಟು. ರೈಫಲ್‌ನವರಿಗೆ ಅಷ್ಟು ಬೇಕಿಲ್ಲ.

ರಾಲೀ_ರಾಯರು

ಅಟ್ಟೆಯ ಅಡಿಭಾಗದ ಬಗ್ಗೆ ಯಾರೂ ಹೇಳಲಿಲ್ಲ. ಹಳದಿ ಬಣ್ಣದ ವಿಬ್ರಾಮ್ ಗುರುತು ಇದ್ದರೆ ಸಾಕಾ?

ಅಟ್ಟೆ_ಅಂಗಡಿ

ರಾಯರೇ, ಆ ಹೆಸರಿನ ಹಿಂದೆ ಒಂದು ದುರಂತ ಇದೆ. ವಿಟಾಲೆ ಬ್ರಾಮಾನಿ ಅನ್ನುವ ಇಟಲಿಯ ಪರ್ವತಾರೋಹಿ 1935ರಲ್ಲಿ ಆಲ್ಪ್ಸ್‌ನಲ್ಲಿ ಆರು ಗೆಳೆಯರನ್ನು ಕಳೆದುಕೊಂಡರು. ಅವರ ಬೂಟುಗಳು ಆ ಹವೆಗೆ ತಕ್ಕದ್ದಾಗಿರಲಿಲ್ಲ. ಅದಾದ ಎರಡು ವರ್ಷಕ್ಕೆ ಗಟ್ಟಿ ಹಲ್ಲುಗಳ ರಬ್ಬರ್ ಅಟ್ಟೆ ತಂದರು. ಆದರೆ ಈಗ ಆ ಒಂದೇ ಕಂಪನಿ ಬೇರೆ ಬೇರೆ ರಬ್ಬರ್, ಬೇರೆ ಬೇರೆ ಹಲ್ಲು ಮಾಡುತ್ತದೆ. ಗುರುತು ನೋಡಿ ಸುಮ್ಮನಾಗಬೇಡಿ, ಹಲ್ಲು ನೋಡಿ. ಬೆಟ್ಟಕ್ಕೆ ಆಳದ ಹಲ್ಲು, ನಡುವೆ ಮಣ್ಣು ಉದುರುವಷ್ಟು ಅಂತರ, ಹಿಮ್ಮಡಿಯಲ್ಲಿ ಎದ್ದು ಕಾಣುವ ಮೆಟ್ಟಿಲು ಇರಬೇಕು. ಇಳಿಯುವಾಗ ಬ್ರೇಕು ಅದೇ.

ಆಸ್ಟಿನ್_ಅನಿವಾಸಿ

ವಿಷಯ ಸ್ವಲ್ಪ ಬೇರೆ. ನಾನು ಎಚ್‌1ಬಿ ವೀಸಾದಲ್ಲಿ ಇದ್ದೇನೆ. ನನಗೂ ಹೋಗಬೇಕು ಅಂತ ಆಸೆ. ಬಂದೂಕು ಮುಟ್ಟಬಹುದಾ?

ಬೋಜ್‌ಮನ್_ಅಕ್ಕ

ಇದನ್ನು ಬೂಟಿಗಿಂತ ಮೊದಲು ನೋಡಿಕೊಳ್ಳಬೇಕು. ಎಚ್‌1ಬಿಯಂಥ ವೀಸಾದಲ್ಲಿ ಇರುವವರು ಬಂದೂಕು, ಗುಂಡು ಇಟ್ಟುಕೊಳ್ಳುವಂತಿಲ್ಲ ಅನ್ನುವುದು ಫೆಡರಲ್ ನಿಯಮ. ಅದರಲ್ಲೇ ವಿನಾಯಿತಿಗಳಿವೆ. ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಇರುವುದು ಅವುಗಳಲ್ಲಿ ಒಂದು. ಲೈಸೆನ್ಸ್ ಅವಧಿ ಮುಗಿದ ದಿನ ಆ ವಿನಾಯಿತಿಯೂ ಹೋಯಿತು. ಗ್ರೀನ್ ಕಾರ್ಡಿನವರಿಗೆ ಈ ನಿರ್ಬಂಧ ಇಲ್ಲ. ವೀಸಾಕ್ಕೆ ಕುತ್ತು ಬರುವ ವಿಷಯ, ನನ್ನ ಮಾತು ಕೇಳಿ ಹೊರಡಬೇಡಿ. ವಕೀಲರನ್ನು ಕೇಳಿ.

ಡೆನ್ವರ್_ದಾವಣಗೆರೆ

ನಾನು ಗ್ರೀನ್ ಕಾರ್ಡು, ಆ ಚಿಂತೆ ಇಲ್ಲ.

ನಿನ್ನೆ ಸಂಜೆ ಅಳತೆ ಮಾಡಿಸಿದೆ. ಬೆರಳ ತುದಿಗೆ 9, ಗಂಟಿಗೆ 9.5, ಅಗಲ ಡಬಲ್ ಇ! ಇಷ್ಟು ವರ್ಷ ಒತ್ತುತ್ತಿದ್ದುದು ಯಾಕೆ ಅಂತ ಗೊತ್ತಾಯಿತು. ಪದರ ಇಲ್ಲದ, 8 ಇಂಚಿನ, ಪೊರೆ ಇರುವ ಚರ್ಮದ ಬೂಟು ಹಿಡಿಸಿತು. 329 ಡಾಲರ್. ಅಂಗಡಿಯವನು ಮತ್ತೆ 800 ಗ್ರಾಂ ತೋರಿಸಿದ, ನಾನು ಜಗ್ಗಲಿಲ್ಲ. ಮೆಟ್ಟಿಲು ಇಳಿದು ನೋಡಿದೆ, ಬೆರಳು ತಾಗಲಿಲ್ಲ. ಏರುವಾಗ ಹಿಮ್ಮಡಿ ಮಾತ್ರ ಒಂಚೂರು ಎದ್ದ ಹಾಗೆ ಅನಿಸಿತು. ವಾಪಸ್ ಕೊಡಲಾ?

ಅಟ್ಟೆ_ಅಂಗಡಿ

ಗಟ್ಟಿ ಅಟ್ಟೆ ಹೊಸದರಲ್ಲಿ ಮಡಚುವುದಿಲ್ಲ, ಹಾಗಾಗಿ ಹಿಮ್ಮಡಿ ಒಂಚೂರು ಏಳುತ್ತದೆ. ಪಳಗಿದ ಮೇಲೆ ಕಡಿಮೆಯಾಗಬೇಕು. ಲೇಸನ್ನು ಪಾದದ ಮೇಲೆ ಸಡಿಲವಾಗಿ, ಕಾಲಿನ ಗಂಟು ಬಾಗುವ ಜಾಗದಲ್ಲಿ ಬಿಗಿಯಾಗಿ ಕಟ್ಟಿ. ಆ ಬಾಗಿನಲ್ಲಿ ಲೇಸನ್ನು ಒಂದಕ್ಕೊಂದು ಎರಡು ಸುತ್ತು ಸುತ್ತಿ ಮೇಲಿನ ಕೊಕ್ಕೆಗೆ ಹೋದರೆ ಕೆಳಗಿನ ಬಿಗಿ ಮೇಲೆ ಜಾರುವುದಿಲ್ಲ. ವಾಪಸ್ ಕೊಡಬಹುದಾದ ದಿನಗಳು ಮುಗಿಯುವವರೆಗೆ ಮನೆಯೊಳಗೇ ಹಾಕಿ ಓಡಾಡಿ. ಒಂದೇ ಜಾಗ ಪದೇ ಪದೇ ಉರಿದರೆ ಯೋಚನೆ ಮಾಡದೆ ಹಿಂದಿರುಗಿಸಿ.

ಬೋಜ್‌ಮನ್_ಅಕ್ಕ

ಇದು ಆಗಸ್ಟ್, ಸಮಯ ಇದೆ. ಮೊದಲು ಮನೆ, ಆಮೇಲೆ ಬಡಾವಣೆ, ಆಮೇಲೆ ಬ್ಯಾಗಿನಲ್ಲಿ 30-40 ಪೌಂಡ್ ಹಾಕಿಕೊಂಡು ಬೆಟ್ಟ. ಭಾರ ಇಲ್ಲದೆ ಪಳಗಿಸಿದ ಬೂಟು ಭಾರ ಹೊತ್ತಾಗ ಬೇರೆಯೇ ಆಗಿ ಕಚ್ಚುತ್ತದೆ. ಬೂಟಿನ ಜೊತೆ ಬಂದ ತೆಳ್ಳಗಿನ ಇನ್‌ಸೋಲ್ ತೆಗೆದು ಒಳ್ಳೆಯದನ್ನು ಹಾಕಿ, ಅದನ್ನು ಹಾಕಿಯೇ ಪಳಗಿಸಿ. ಹತ್ತಿ ಸಾಕ್ಸ್ ಮನೆಯಲ್ಲೇ ಬಿಡಿ, ಬೆವರು ಹೀರಿ ಹಾಗೇ ಇಟ್ಟುಕೊಳ್ಳುತ್ತದೆ. ಮೆರಿನೊ ಉಣ್ಣೆಯದು ತಗೊಳ್ಳಿ. ಜೇಬಲ್ಲಿ ಅಂಟುಪಟ್ಟಿ ಇರಲಿ. ಉರಿ ಅನಿಸಿದ ತಕ್ಷಣ ನಿಂತು ಹಚ್ಚಿ. ಗೆಳೆಯರು ಮುಂದೆ ಹೋಗುತ್ತಿದ್ದಾರೆ ಅಂತ ನಾಚಿಕೊಂಡು ನಡೆದರೆ ಬೊಬ್ಬೆ ಖಂಡಿತ.

ಡೆನ್ವರ್_ದಾವಣಗೆರೆ

ಬಹಳ ಥ್ಯಾಂಕ್ಸ್ ಅಕ್ಕಾ. ಕೊನೆಯದೊಂದು. ಓಡುವ ಶೂ ಅಂದ ಗೆಳೆಯನಿಗೆ ಇದನ್ನೆಲ್ಲ ಅನುವಾದ ಮಾಡಿ ಹೇಳಿದೆ. ಈಗ ಅವನು ಅವರಪ್ಪನ ಹಳೇ ಬೇಟೆ ಬೂಟು ತರುತ್ತಾನಂತೆ. ಹನ್ನೆರಡು ವರ್ಷ ಗ್ಯಾರೇಜಿನಲ್ಲಿ ಡಬ್ಬದೊಳಗೇ ಇತ್ತು, ಹೆಚ್ಚು ಹಾಕಿಯೇ ಇಲ್ಲ, ಹೊಸದರ ಹಾಗಿದೆ ಅನ್ನುತ್ತಾನೆ. ಅಳತೆ ಸರಿಯಾಗಿದೆ. ಪರವಾಗಿಲ್ವಾ?

ಅಟ್ಟೆ_ಅಂಗಡಿ

ಅಯ್ಯೋ, ಹಾಕದೆ ಇಟ್ಟದ್ದೇ ಅಪಾಯ. ಅಟ್ಟೆಗೂ ಚರ್ಮಕ್ಕೂ ನಡುವೆ ಮೆತ್ತನೆ ಪದರ ಇರುತ್ತದಲ್ಲ, ಹಲವು ಬೂಟುಗಳಲ್ಲಿ ಅದು ಪಾಲಿಯುರೆಥೇನ್. ಗಾಳಿಯ ತೇವದಿಂದಲೇ ಅದು ಒಳಗೊಳಗೆ ಒಡೆಯುತ್ತಾ ಹೋಗುತ್ತದೆ. ಡಬ್ಬದಲ್ಲಿ ಇದ್ದರೂ ನಿಲ್ಲುವುದಿಲ್ಲ. ಹಾಕಿ ಓಡಾಡುವ ಬೂಟಿಗಿಂತ ಮೂಲೆಯಲ್ಲಿ ಇಟ್ಟದ್ದೇ ಬೇಗ ಹಾಳಾಗುವುದೂ ಉಂಟು. ಮೇಲೆ ಚರ್ಮ ಫಳಫಳ ಹೊಳೆಯುತ್ತಿರುತ್ತದೆ, ನಡೆಯಲು ಶುರು ಮಾಡಿದ ಮೇಲೆ ಅಟ್ಟೆ ಪೂರ್ತಿ ಕಳಚಿ ಬೀಳುತ್ತದೆ. ಕಾರಿನಿಂದ ನಾಲ್ಕು ಮೈಲಿ ದೂರದಲ್ಲಿ ಆದರೆ ಏನು ಗತಿ?

ಆ ನಡು ಪದರವನ್ನು ಹೆಬ್ಬೆರಳ ಉಗುರಿನಿಂದ ಜೋರಾಗಿ ಒತ್ತಲು ಹೇಳಿ. ಪುಡಿ ಉದುರಿದರೆ, ಬಿರುಕು ಕಂಡರೆ, ಅಂಟಂಟು ಅನಿಸಿದರೆ ಮುಗಿಯಿತು. ಏನೂ ಕಾಣದಿದ್ದರೂ ಹನ್ನೆರಡು ವರ್ಷದ್ದನ್ನು ನಾನು ಬೆಟ್ಟಕ್ಕೆ ಕಳಿಸುವುದಿಲ್ಲ. ಮೇಲಿನ ಚರ್ಮ ಚೆನ್ನಾಗಿದ್ದರೆ ಹೊಸ ಅಟ್ಟೆ ಹಾಕಿಕೊಡುವ ಕಂಪನಿಗಳಿವೆ. ಆದರೆ ಸೀಸನ್ ಮುಂಚೆ ಅಲ್ಲಿ ಸರದಿ ಉದ್ದ. ಈಗ ಕಳಿಸಿದರೆ ಅಕ್ಟೋಬರ್‌ಗೆ ಬರುತ್ತದೆ ಅನ್ನುವ ಭರವಸೆ ಇಲ್ಲ. ಈ ವರ್ಷಕ್ಕೆ ಬೇರೆ ಜೋಡಿ ನೋಡಲು ಹೇಳಿ. ಅಪ್ಪನದನ್ನು ಡಿಸೆಂಬರ್‌ನಲ್ಲಿ ಕಳಿಸಲಿ.